ಎದ್ದು ನಡೆದವನ ಮೇಲೆ ಕೇಸು

ಅಮೆರಿಕದ ಆರ್ಲ್ಯಾಂಡೊದಲ್ಲಿ ಡಿಸ್ನಿ ವರ್ಲ್ಡ್ ನೋಡಿ ಬಂದು ವಾರವಾದರೂ ಸೀನನ ಕೋಪ ಇಳಿದಿರಲಿಲ್ಲ. ರೋಲರ್ ಕೋಸ್ಟರ್ ಹೇಗಿತ್ತೋ ಅಂದ್ರೆ ಸ್ಕೂಟರ್ ಪುರಾಣ. ಮೆರವಣಿಗೆ ಹೇಗಿತ್ತೋ ಅಂದ್ರೆ ಮತ್ತೆ ಸ್ಕೂಟರ್ ಪುರಾಣ.

"ನಾನೇ ಕಣ್ಣಾರೆ ಕಂಡೆ ಕಣ್ರೋ. ಆಸಾಮಿ ರಾಜನ ಹಾಗೆ ಸ್ಕೂಟರ್‌ನಲ್ಲಿ ಬಂದ. ನಿಲ್ಲಿಸಿದ. ಎದ್ದ. ಎರಡು ಕಾಲಲ್ಲಿ ನಡ್ಕೊಂಡು ಹೋಗಿ ಪಾಪ್‌ಕಾರ್ನ್ ತಗೊಂಡು ಬಂದ!"

"ಮತ್ತೆ ನಾಲ್ಕು ಕಾಲಲ್ಲಿ ಹೋಗಬೇಕಿತ್ತಾ?" ಅಂದ ಗಿರಿ.

"ತಮಾಷೆ ಬೇಡ. ನಡೆಯೋಕೆ ಆಗೋವನಿಗೆ ಸ್ಕೂಟರ್ ಯಾಕೆ? ಶುದ್ಧ ಸೋಮಾರಿತನ. ನೋಡಿದ ತಕ್ಷಣ ನನಗೆ ಗೊತ್ತಾಗುತ್ತೆ."

ಇಲ್ಲಿ ಹೇಳ್ತಿರೋದು ಪೆಟ್ರೋಲ್ ಸ್ಕೂಟರ್ ಅಲ್ಲ. ಒಂದು ಕುರ್ಚಿ, ಕೆಳಗೆ ಮೂರೋ ನಾಲ್ಕೋ ಚಕ್ರ, ಬ್ಯಾಟರಿ, ಮುಂದೊಂದು ಬುಟ್ಟಿ. ಡಿಸ್ನಿ ವರ್ಲ್ಡ್‌ನಲ್ಲಿ ಇದಕ್ಕೆ ಇಸಿವಿ ಅಂತಾರೆ. 18 ವರ್ಷ ತುಂಬಿದವರಿಗೆ ಬಾಡಿಗೆಗೆ ಸಿಗುತ್ತದೆ.

ವಿಮಲಾ ಅಲ್ಲಿವರೆಗೂ ಸುಮ್ಮನಿದ್ದಳು. ಹಿಂದಿನ ವರ್ಷ ಅವಳೂ ಅಲ್ಲಿಗೇ ಹೋಗಿದ್ದವಳು, ಅಂಥದೇ ಸ್ಕೂಟರ್ ಬಾಡಿಗೆಗೆ ಹಿಡಿದವಳು. ಅವಳಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನೋ ಕೀಲುಗಳ ಕಾಯಿಲೆ ಇದೆ. ನೋಡಿದರೆ ಏನೂ ಗೊತ್ತಾಗಲ್ಲ. ಬೆಳಗ್ಗೆ ಎದ್ದಾಗ ಬೆರಳು ಮಡಚೋದಕ್ಕೇ ಒಂದು ಗಂಟೆ ಬೇಕು ಅನ್ನೋದು ಮನೆಯವರಿಗೆ ಮಾತ್ರ ಗೊತ್ತು.

"ಸೀನ, ನೀನು ಕನ್ನಡಕ ತೆಗೆದು ಮೊಬೈಲ್ ಓದ್ತೀಯಲ್ಲ," ಅಂದಳು. "ಹಾಗಾದ್ರೆ ಕನ್ನಡಕ ಬರೀ ನಾಟಕಾನಾ?"

"ಅದು ಬೇರೆ. ಹತ್ತಿರದ್ದು ಕಾಣುತ್ತೆ, ದೂರದ್ದು ಕಾಣಲ್ಲ."

"ನನಗೂ ಅಷ್ಟೇ. ಹತ್ತು ಹೆಜ್ಜೆ ಆಗುತ್ತೆ, ಹತ್ತು ಸಾವಿರ ಆಗಲ್ಲ. ಅಲ್ಲಿನ ಎಪ್‌ಕಾಟ್ ಪಾರ್ಕಿನಲ್ಲಿ ಆ ಕೆರೆ ಒಂದು ಸುತ್ತು ಹಾಕಿದ್ರೇ ಹತ್ತಿರಹತ್ತಿರ ಎರಡು ಕಿಲೋಮೀಟರ್. ಅದು ಒಂದು ಪಾರ್ಕಿನ ಅರ್ಧ ಭಾಗ ಅಷ್ಟೇ."

ಗಿರಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ಇಂಥ ಸಂದರ್ಭ ಸಿಕ್ಕರೆ ಬಿಡುವ ಪೈಕಿ ಅಲ್ಲ. ಪಾಟ್ಸ್ ಅಂತ ಒಂದು ತೊಂದರೆ ಇದೆಯಂತೆ. ಎದ್ದು ನಿಂತ ಹತ್ತು ನಿಮಿಷದೊಳಗೆ ಎದೆಬಡಿತ ಇದ್ದದ್ದಕ್ಕಿಂತ ನಿಮಿಷಕ್ಕೆ 30 ಅಥವಾ ಇನ್ನೂ ಜಾಸ್ತಿ ಏರಿಬಿಡುತ್ತದೆ, ತಲೆ ಸುತ್ತುತ್ತದೆ. ಅವರಿಗೆ ನಡೆಯೋದಕ್ಕಿಂತ ಕ್ಯೂನಲ್ಲಿ ನಿಲ್ಲೋದೇ ಕಷ್ಟ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ ಇರುವವರಿಗೆ ಬಿಸಿಲು ಏರಿದ ಹಾಗೆ ಕಾಲು ಸೋಲುತ್ತದೆ. ಬೆಳಗ್ಗೆ ಗೇಟಿನ ಹತ್ತಿರ ಚೆನ್ನಾಗಿ ನಡೆದವರು ಫ್ಲಾರಿಡಾದ ಮಧ್ಯಾಹ್ನಕ್ಕೆ ಎದ್ದು ನಿಲ್ಲಲಾರದ ಹಾಗೆ ಆಗಿರಬಹುದು.

"ಹೃದಯದ ತೊಂದರೆ, ಶ್ವಾಸಕೋಶದ ತೊಂದರೆ ಇರೋರ ವಿಷಯ ಇನ್ನೂ ಹೇಳೇ ಇಲ್ಲ," ಅಂತ ಅವನು ಮುಂದುವರಿಸುವಷ್ಟರಲ್ಲಿ ಸೀನ ಕೈ ಮುಗಿದ.

"ಸಾಕು ಮಾರಾಯ. ಆದ್ರೆ ಕ್ಯೂ ತಪ್ಪಿಸೋಕೆ ಸ್ಕೂಟರ್ ಹಿಡಿಯೋರಿಲ್ವಾ?"

"ಹಿಡಿದ್ರೆ ಅವರೇ ಪೆದ್ದರು," ಅಂದಳು ವಿಮಲಾ. "ಡಿಸ್ನಿ ವರ್ಲ್ಡ್‌ನಲ್ಲಿ ಮುಕ್ಕಾಲುಪಾಲು ಕಡೆ ಕ್ಯೂ ದಾರೀನೇ ಗಾಲಿಕುರ್ಚಿ ಹೋಗುವಷ್ಟು ಅಗಲ ಇದೆ. ಎಲ್ಲರ ಜೊತೆ ನಾನೂ ಇಂಚಿಂಚೇ ಜರುಗಿದೆ. ನೀವು ನಿಂತು ಕಾದ್ರಿ, ನಾನು ಕೂತು ಕಾದೆ."

ಕ್ಯೂನಲ್ಲಿ ನಿಲ್ಲಲಾಗದವರಿಗೆ ಇರುವ ವ್ಯವಸ್ಥೆ ಬೇರೆ. ಡಿಎಎಸ್ ಅಂತ. ಇಷ್ಟು ಹೊತ್ತಿಗೆ ಬನ್ನಿ ಅಂತ ಸಮಯ ಕೊಡುತ್ತಾರೆ, ಅಲ್ಲಿವರೆಗೆ ಬೇರೆ ಕಡೆ ಇರಬಹುದು. ಇದಕ್ಕೂ ಮುಂಚೆ ಒಂದು ಕಾರ್ಡ್ ಇತ್ತು. ದುಡ್ಡಿರುವ ಕೆಲವರು ಅಂಗವಿಕಲರನ್ನೇ ಗೈಡ್ ಅಂತ ಬಾಡಿಗೆಗೆ ಕರೆದುಕೊಂಡು ಹೋಗಿ ಕ್ಯೂ ಹಾರುತ್ತಿದ್ದಾರೆ ಅಂತ 2013ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಒಂದು ಪತ್ರಿಕೆ ಬರೆಯಿತು. ಅದೇ ಅಕ್ಟೋಬರ್‌ನಲ್ಲಿ ಆ ಕಾರ್ಡ್ ಹೋಗಿ ಡಿಎಎಸ್ ಬಂತು. 2024ರಲ್ಲಿ ಅದನ್ನೂ ಬಿಗಿ ಮಾಡಿ, ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಅಂದರು.

"ನೋಡಿದ್ಯಾ, ಮೋಸ ಇದೆ ಅಂತ ನಾನು ಹೇಳಲಿಲ್ವಾ?" ಸೀನನಿಗೆ ಗೆದ್ದ ಖುಷಿ.

"ಇತ್ತು," ಅಂದಳು ವಿಮಲಾ. "ಕ್ಯೂ ಹಾರಿದವರು ಯಾರೋ, ಬಾಗಿಲು ಮುಚ್ಚಿದ್ದು ಇನ್ಯಾರಿಗೋ. ಹಾರಿದವರ ಹತ್ತಿರ ದುಡ್ಡಿದೆ, ಬೇರೆ ದಾರಿ ಹುಡುಕ್ಕೋತಾರೆ."

"ಹಾಗಾದ್ರೆ ಕೊರಳಿಗೆ ಏನಾದ್ರೂ ಗುರುತು ಹಾಕ್ಕೊಳ್ಳಿ. ಸೂರ್ಯಕಾಂತಿ ಪಟ್ಟಿ ಇದೆಯಲ್ಲ?"

ಇದೆ. 2016ರಲ್ಲಿ ಲಂಡನ್‌ನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾಗಿದ್ದು. ಹಸಿರು ಪಟ್ಟಿ, ಅದರ ಮೇಲೆ ಸೂರ್ಯಕಾಂತಿ. ನನಗೆ ಸ್ವಲ್ಪ ಸಮಯ ಕೊಡಿ, ಸಹಾಯ ಬೇಕಾಗಬಹುದು ಅಂತ ಸಿಬ್ಬಂದಿಗೆ ಬಾಯಿಬಿಡದೆ ತಿಳಿಸುವ ಉಪಾಯ.

"ಅದು ನನಗೆ ಬೇಕಾದಾಗ ಹಾಕ್ಕೊಳ್ಳೋದು," ಅಂದಳು ವಿಮಲಾ. "ನಿನ್ನ ಸಮಾಧಾನಕ್ಕೆ ನಾನು ಬೋರ್ಡ್ ಹಾಕ್ಕೊಂಡು ತಿರುಗಬೇಕಾ? ಎಡಿಎ ಅಂತ ಅಂಗವಿಕಲರ ಹಕ್ಕಿನ ಕಾನೂನು ಇದೆ ಅಲ್ಲಿ. ಅದರಲ್ಲಿ ಸ್ಕೂಟರ್‌ನಲ್ಲಿ ಬಂದವರನ್ನ ಪಾರ್ಕಿನವರೇ ನಿಮಗೇನು ಕಾಯಿಲೆ ಅಂತ ಕೇಳೋ ಹಾಗಿಲ್ಲ. ನೀನು ಪಾಪ್‌ಕಾರ್ನ್ ಕ್ಯೂನಲ್ಲಿ ನಿಂತು ತೀರ್ಪು ಕೊಡ್ತೀಯಾ!"

ಹಾಗಂತ ಅವಳು ಸ್ಕೂಟರ್‌ನವರ ಪಕ್ಷ ಪೂರ್ತಿ ವಹಿಸಲಿಲ್ಲ. ವೇಗದ ಗುಂಡಿಯ ಒಂದು ತುದಿಯಲ್ಲಿ ಆಮೆ ಚಿತ್ರ, ಇನ್ನೊಂದು ತುದಿಯಲ್ಲಿ ಮೊಲ. ಜನ ಕಿಕ್ಕಿರಿದ ಕಡೆಯೂ ಮೊಲಕ್ಕೆ ಇಟ್ಟು ಓಡಿಸುವ ಮಹಾನುಭಾವರು ಇದ್ದಾರಂತೆ. ತೊಡೆ ಮೇಲೆ ಮಗು ಕೂರಿಸಿಕೊಂಡು ಹೋಗುವವರೂ ಇದ್ದಾರೆ. ರಿವರ್ಸ್ ತಗೊಳ್ಳುವಾಗ ಕುಂಯ್ ಕುಂಯ್ ಅಂದರೆ ಸಾಕು, ಹಿಂದೆ ನೋಡುವ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ.

"ಆದ್ರೆ ಆ ಸೀಟಿನಿಂದ ಏನು ಕಾಣುತ್ತೆ ಗೊತ್ತಾ? ಬರೀ ಬೆನ್ನು, ಬ್ಯಾಗು, ಮೊಣಕೈ. ನನ್ನ ಮುಂದೆ ಎರಡಡಿ ಜಾಗ ಕಂಡ್ರೆ ಸಾಕು, ಯಾರಾದ್ರೂ ನುಗ್ಗಿ ಅಲ್ಲೇ ನಿಂತು ಫೋಟೋ ತೆಗೀತಾರೆ. ಲಿವರ್ ಬಿಟ್ರೆ ಗಾಡಿ ನಿಲ್ಲುತ್ತೆ, ನಿಜ. ಆದ್ರೆ ಬಿಟ್ಟ ಜಾಗದಲ್ಲೇ ನಿಲ್ಲಲ್ಲ. ಇನ್ನು ಬಸ್ಸಲ್ಲಿ ರ‍್ಯಾಂಪ್ ಇಳಿಸಿ ನನ್ನನ್ನು ಹತ್ತಿಸೋವಾಗ ಹಿಂದಿನಿಂದ ಬರೋ ನಿಟ್ಟುಸಿರಿಗೆ ಟಯರ್‌ಗೆ ಗಾಳಿ ತುಂಬಬಹುದಿತ್ತು."

"ನಿಲ್ಲಲ್ಲ ಅನ್ನೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಅಂತ ಸೀನ ಪ್ಯಾಂಟ್ ಮೇಲೆತ್ತಿ ಹಿಮ್ಮಡಿ ತೋರಿಸಿದ. ಕೋಪದ ಬೇರು ಅಲ್ಲಿತ್ತು! ಯಾವುದೋ ಪಾರ್ಕಿನಲ್ಲಿ ಹಿಂದಿನಿಂದ ಒಂದು ಸ್ಕೂಟರ್ ಬಂದು ಗುದ್ದಿತ್ತಂತೆ.

ನಾನು ಬಗ್ಗಿ ನೋಡಿದೆ. ಗಿರಿ ಮೊಬೈಲ್ ಟಾರ್ಚ್ ಹಾಕಿ ನೋಡಿದ. ಕಾಲು ತಿರುಗಿಸಿ ನೋಡಿದ.

"ಏನೂ ಕಾಣ್ತಿಲ್ವಲ್ಲೋ?"

"ಹೊರಗೆ ಕಾಣಲ್ಲ ಕಣೋ. ಒಳಗೆ ನೋವಿದೆ!"

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ವಿಮಲಾ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ಡಾಕ್ಟರ್ ಸರ್ಟಿಫಿಕೇಟ್ ಇದ್ಯಾ?"

"ಇಲ್ಲ, ಆದ್ರೆ..."

"ಈಗ ಗೇಟಿನಿಂದ ಇಲ್ಲಿವರೆಗೆ ನಡ್ಕೊಂಡೇ ಬಂದ್ಯಲ್ಲ? ಎರಡು ಕಾಲಲ್ಲಿ?"

"ಸ್ವಲ್ಪ ದೂರ ಆಗುತ್ತೆ. ಜಾಸ್ತಿ ನಡೆದ್ರೆ ಸೆಳೆಯುತ್ತೆ."

"ಸೋಮಾರಿತನ ಇರಬಹುದಾ?" ಅಂತ ಗಿರಿ ನನ್ನನ್ನು ಕೇಳಿದ.

"ನೋಡಿದ ತಕ್ಷಣ ಗೊತ್ತಾಗುತ್ತೆ," ಅಂದೆ ನಾನು.

ಸೀನನ ಮುಖ ಕೆಂಪಾಯಿತು. "ನನ್ನ ಕಾಲು, ನನ್ನ ನೋವು. ನಿಮಗೆಲ್ಲ ಯಾಕ್ರೋ ಸಾಬೀತು ಮಾಡಬೇಕು?"

"ತಡಿ ತಡಿ," ಅಂದಳು ವಿಮಲಾ, ಫೋನ್ ಹುಡುಕುತ್ತಾ. "ಅದನ್ನ ಇನ್ನೊಂದು ಸಲ ಹೇಳು, ರೆಕಾರ್ಡ್ ಮಾಡ್ಕೋತೀನಿ."