ಕಪ್ಪು 19 ಇಂಚಾ, ಬಿಳಿ 17 ಇಂಚಾ

ಪುಟ್ಟ, ನೀನು ಬೆಳಿಗ್ಗೆ ಗ್ರೂಪಿನಲ್ಲಿ ಹಾಕಿದ ಎರಡೂ ಫೋಟೋ ನೋಡಿದೆ. ಕಾರು ಒಂದೇ, ಜರ್ಮನ್ ಸೆಡಾನ್. ಒಂದು ಕಪ್ಪು ಬಣ್ಣ, 19 ಇಂಚಿನ ಅಲಾಯ್ ವೀಲ್. ಇನ್ನೊಂದು ಬಿಳಿ, 17 ಇಂಚು. ಯಾವುದು ತಗೊಳ್ಳಲಿ ಅಂತ ಎಲ್ಲರನ್ನೂ ಕೇಳಿದ್ದೀಯ. ಅಕ್ಕ ಕಪ್ಪು ಬೇಡವೇ ಬೇಡ ಅಂದಿದ್ದಾಳೆ. ಭಾವ, ಈ ದುಡ್ಡಿಗೆ ಮೈಸೂರಿನಲ್ಲಿ ಸೈಟ್ ಬರುತ್ತಿತ್ತು ಅಂದಿದ್ದಾರೆ. ದುಬೈನಲ್ಲಿರುವ ನಮ್ಮ ಹುಡುಗ, ಕಪ್ಪೇ ತಗೋ, ಅದರ ಗತ್ತೇ ಬೇರೆ ಅಂದಿದ್ದಾನೆ. ಟೈರಿನ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಟ್ಟಿಲ್ಲ. ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ. ಹಾಸನದಲ್ಲಿ ಟೈರ್ ಅಂಗಡಿ ಇಟ್ಟುಕೊಂಡವನು ಸುಮ್ನೆ ಇದ್ದರೆ ಹೇಗೆ?

ಮೊದಲು ಭಾವನಿಗೆ ಒಂದು ಮಾತು. ಭಾವ, ಅವನು ದುಡಿದಿದ್ದಾನೆ, ಅವನಿಗೆ ಆಸೆ ಇದೆ. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಸಕಲೇಶಪುರಕ್ಕೆ ಬಂದು ಹೋಗುತ್ತಾನೆ. ಒಳ್ಳೆಯ ಬ್ರೇಕು, ಬೆನ್ನಿಗೆ ಸರಿಯಾದ ಸೀಟು, ಮಳೆಯಲ್ಲಿ ಗಾಡಿ ಜಾರದ ಹಾಗೆ ಹಿಡಿಯುವ ವ್ಯವಸ್ಥೆ, ಇವೆಲ್ಲ ಸುಮ್ನೆ ಷೋಕಿಗೆ ಕೊಡುವ ದುಡ್ಡಲ್ಲ. ತಗೊಳ್ಳಲಿ ಬಿಡಿ. ಆದರೆ ಪುಟ್ಟ, ನೀನು ಕೂಡ ಲೆಕ್ಕ ಸರಿಯಾಗಿ ಹಾಕಬೇಕು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿಗೆ ಜಿಎಸ್‌ಟಿ 40% ಆಗಿದೆ, ಹಿಂದಿನ ಸೆಸ್ ಹೋಗಿದೆ. ಅದು ಷೋರೂಮ್ ಬೆಲೆಯಲ್ಲೇ ಸೇರಿರುತ್ತದೆ. ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಅದರ ಮೇಲೆ ಬರುತ್ತದೆ. 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ 18%, ಅದರ ಮೇಲೆ ರಾಜ್ಯದ್ದೇ ಬೇರೆ ಸೆಸ್ ಸೇರಿದರೆ ಹತ್ತಿರ ಹತ್ತಿರ 20%. ಅಂದರೆ 60 ಲಕ್ಷದ ಕಾರಿಗೆ 12 ಲಕ್ಷ ಟ್ಯಾಕ್ಸೇ ಆಯಿತು.

ಇದನ್ನು ತಪ್ಪಿಸಲು ಪುದುಚೇರಿಯಲ್ಲಿ ರಿಜಿಸ್ಟರ್ ಮಾಡಿಸಿಕೊಡುತ್ತೇವೆ ಅಂತ ಯಾರಾದರೂ ಬಂದೇ ಬರುತ್ತಾರೆ. ಬೇಡ. ಬೆಂಗಳೂರಿನಲ್ಲಿ ಓಡಿಸುವ ಗಾಡಿಗೆ ಇಲ್ಲೇ ಟ್ಯಾಕ್ಸ್ ಕಟ್ಟು. 2025ರಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಅಂಥ ಕಾರುಗಳನ್ನು ಹಿಡಿದು ನಿಲ್ಲಿಸಿದ್ದು ನಿನಗೂ ಗೊತ್ತು. ನಾಳೆ ಮನೆಯವರೆಲ್ಲ ಕೂತು ಹೋಗುವಾಗ ರಸ್ತೆ ಬದಿಯಲ್ಲಿ ಆ ಅವಮಾನ ನಮಗೆ ಬೇಕಾ?

ಈಗ ಬಣ್ಣ. ಅಕ್ಕ, ನಿನ್ನ ಮನಸ್ಸಿಗೆ ಕಪ್ಪು ಸರಿ ಬರುವುದಿಲ್ಲ ಅಂದರೆ ಅದು ನನಗೆ ಅರ್ಥವಾಗುತ್ತದೆ. ಹೊಸ ಗಾಡಿ ಕಪ್ಪು ಬೇಡ ಅನ್ನುವವರು ನನ್ನ ಅಂಗಡಿಗೂ ತುಂಬಾ ಜನ ಬರುತ್ತಾರೆ. ಮನೆಯ ಹಿರಿಯರ ಮನಸ್ಸಿಗೆ ಸಮಾಧಾನ ಇಲ್ಲದ ಗಾಡಿಯಲ್ಲಿ ಓಡಾಡುವುದೂ ಚೆಂದವಲ್ಲ. ಆದರೆ ಅದನ್ನು ಪಕ್ಕಕ್ಕಿಟ್ಟು ನೋಡಿದರೂ ನಾನು ಕಪ್ಪಿಗೆ ಬೇಡ ಅಂತಲೇ ಹೇಳುತ್ತೇನೆ. ಕಾರಣ ಬೇರೆ.

ಒಂದು, ಬಿಸಿಲು. ಅಮೆರಿಕದ ಬರ್ಕ್ಲಿ ಲ್ಯಾಬಿನವರು 2011ರಲ್ಲಿ ಒಂದು ಕಪ್ಪು, ಒಂದು ಬೆಳ್ಳಿ ಬಣ್ಣದ ಸೆಡಾನ್ ತಂದು ಬಿಸಿಲಿನಲ್ಲಿ ನಿಲ್ಲಿಸಿ ಅಳೆದಿದ್ದರು. ಕಪ್ಪು ಕಾರಿನ ಒಳಗಿನ ಗಾಳಿ 5ರಿಂದ 6 ಡಿಗ್ರಿ ಜಾಸ್ತಿ ಬಿಸಿಯಾಗಿತ್ತು. ಮೇಲಿನ ತಗಡು 25 ಡಿಗ್ರಿವರೆಗೂ ಜಾಸ್ತಿ. ನಿನ್ನ ಆಫೀಸಿನಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಇಲ್ಲ ಅಂತ ನೀನೇ ಹೇಳಿದ್ದೆ. ಏಪ್ರಿಲ್‌ನಲ್ಲಿ ಸಂಜೆ ಮಗುವನ್ನು ಆ ಸೀಟಿನಲ್ಲಿ ಕೂರಿಸುವುದು ಯೋಚನೆ ಮಾಡು.

ಇನ್ನೊಂದು, ನೀರು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಬರುವುದು ಬೋರ್‌ವೆಲ್ ನೀರು. ತೊಳೆದು ಒರೆಸದೆ ಬಿಟ್ಟರೆ ಹನಿ ಒಣಗಿದ ಜಾಗದಲ್ಲೆಲ್ಲ ಬಿಳಿ ಉಂಗುರ ಉಳಿಯುತ್ತದೆ. ಬಿಸಿಲಿಗೆ ನಿಂತರೆ ಅದು ಪೇಂಟಿನ ಮೇಲೆ ಕಚ್ಚಿಕೊಳ್ಳುತ್ತದೆ. ಬಿಳಿ ಗಾಡಿಯಲ್ಲಿ ಅದು ಕಾಣುವುದೇ ಇಲ್ಲ, ಕಪ್ಪಿನಲ್ಲಿ ಹತ್ತು ಅಡಿ ದೂರದಿಂದ ಕಾಣುತ್ತದೆ. ಇನ್ನು ಗಾಡಿ ಒರೆಸುವ ಹುಡುಗರು. ಪಾಪ, ಬೆಳಿಗ್ಗೆ ಒಂದೇ ಬಕೆಟ್, ಒಂದೇ ಬಟ್ಟೆ ಹಿಡಿದು ಸಾಲಾಗಿ ಎಲ್ಲ ಗಾಡಿ ಒರೆಸಿಕೊಂಡು ಬರುತ್ತಾರೆ. ಹಿಂದಿನ ಗಾಡಿಯ ಮಣ್ಣು ಅದೇ ಬಟ್ಟೆಯಲ್ಲಿ ನಿನ್ನ ಬಾನೆಟ್ ಮೇಲೆ ಉಜ್ಜಿ ಹೋಗುತ್ತದೆ. ಸಂಜೆ ಬೀದಿ ದೀಪದ ಕೆಳಗೆ ಕಪ್ಪು ಕಾರು ನಿಲ್ಲಿಸಿ ನೋಡು, ದೀಪದ ಸುತ್ತ ಜೇಡರ ಬಲೆ ಕಟ್ಟಿದ ಹಾಗೆ ಗೀರು ಕಾಣುತ್ತದೆ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಏನೂ ಆಗುವುದಿಲ್ಲ ಅಂತ ಹೇಳುತ್ತಾರೆ. ನೀರು ಬೇಗ ಜಾರುತ್ತದೆ, ಹೊಳಪು ಇರುತ್ತದೆ, ಅಷ್ಟು ನಿಜ. ಉಜ್ಜಿದ ಗೀರನ್ನು ಅದು ತಡೆಯುವುದಿಲ್ಲ. ದುಡ್ಡು ಹಾಕುವುದಾದರೆ ಬಾನೆಟ್ಟಿಗೂ ಮುಂದಿನ ಬಂಪರಿಗೂ ಪಿಪಿಎಫ್, ಅಂದರೆ ಪೇಂಟ್ ಕಾಯುವ ಪಾರದರ್ಶಕ ಫಿಲ್ಮ್, ಹಾಕಿಸು. ಹೈವೇಯಲ್ಲಿ ಜಲ್ಲಿ ಲಾರಿ ಹಿಂದೆ ಹೋಗುವ ನಮಗೆ ಅದು ಉಪಯೋಗಕ್ಕೆ ಬರುತ್ತದೆ.

ಬಿಳಿಯಲ್ಲೂ ಎರಡು ಥರ ಇರುತ್ತದೆ, ಕೇಳಿ ತಿಳಿದುಕೋ. ಸಾದಾ ಬಿಳಿಯಾದರೆ ಬಂಪರ್ ತರಚಿದಾಗ ಬಣ್ಣ ಸುಲಭವಾಗಿ ಕೂಡುತ್ತದೆ. ಪರ್ಲ್ ಬಿಳಿ ನೋಡಲು ಬಲು ಚೆಂದ, ಆದರೆ ಮೂರು ಪದರದ ಪೇಂಟ್. ಒಂದು ಬಾಗಿಲಿಗೆ ಹೊಡೆದರೆ ಪಕ್ಕದ ಬಾಗಿಲಿಗೆ ಸರಿಹೊಂದಿಸಲು ಪೇಂಟರ್ ಒದ್ದಾಡುತ್ತಾನೆ. ಮ್ಯಾಟ್ ಬಣ್ಣವಂತೂ ಮುಟ್ಟಲೇಬೇಡ, ಅದಕ್ಕೆ ಪಾಲಿಶ್ ಮಾಡುವ ಹಾಗೇ ಇಲ್ಲ. ಬಿಳಿ ನೋಡಿ ನೋಡಿ ಬೇಜಾರು ಅನ್ನಿಸಿದರೆ ಬೂದು ಅಥವಾ ಬೆಳ್ಳಿ ತಗೋ. ನಮ್ಮ ಕಡೆಯ ಕೆಂಪು ಧೂಳು ಬಿಳಿಯ ಮೇಲೆ ಕೆಳಗಿನ ಅಂಚಿನಲ್ಲಿ ಎದ್ದು ಕಾಣುತ್ತದೆ. ಬೂದು ಅದನ್ನು ಮುಚ್ಚಿಕೊಳ್ಳುತ್ತದೆ. ಆದರೆ ಶಿರಾಡಿಯ ಮಂಜಿನಲ್ಲಿ ಬೂದು ಗಾಡಿ ರಸ್ತೆಯ ಬಣ್ಣದಲ್ಲೇ ಕರಗಿಹೋಗುತ್ತದೆ. ಲೈಟ್ ಹಾಕಿಕೊಂಡೇ ಓಡಿಸು, ಹಗಲಾದರೂ ಸರಿ.

ಬಣ್ಣ ಇಷ್ಟು ಸಾಕು. ತಪ್ಪಾದರೂ ಕಣ್ಣಿಗೆ ಅಭ್ಯಾಸವಾಗುತ್ತದೆ. ಟೈರ್ ಹಾಗಲ್ಲ ಕಣೋ.

ನೀನು ಕಳಿಸಿದ ಪಟ್ಟಿಯಲ್ಲಿ 17 ಇಂಚಿಗೆ 225/50, 19 ಇಂಚಿಗೆ 225/40 ಅಂತ ಇದೆ. 225 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 50, 40 ಅನ್ನುವುದು ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ. ಲೆಕ್ಕ ಹಾಕು. 17 ಇಂಚಿನದರಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ 112 ಮಿಲಿಮೀಟರ್ ರಬ್ಬರು ಇದೆ. 19 ಇಂಚಿನದರಲ್ಲಿ 90. ಚಕ್ರದ ಒಟ್ಟು ಎತ್ತರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅಂದರೆ ರಿಮ್ ದೊಡ್ಡದಾದಷ್ಟೂ ರಬ್ಬರು ಕಡಿಮೆಯಾಯಿತು, ಅಷ್ಟೇ. ಗುಂಡಿಗೆ ಬಿದ್ದಾಗ ಏಟು ತಿನ್ನಬೇಕಾದದ್ದು ಆ ರಬ್ಬರು. ಎರಡು ಸೆಂಟಿಮೀಟರ್ ಕಡಿಮೆಯಾದರೆ ಏಟು ನೇರ ರಿಮ್ಮಿಗೆ.

ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರುವ ದೊಡ್ಡ ಕಾರುಗಳಲ್ಲಿ ಪಂಕ್ಚರಿಗಿಂತ ಜಾಸ್ತಿ ಇದೇ ತೊಂದರೆ. ಗುಂಡಿಯಲ್ಲಿ ನೀರು ತುಂಬಿರುತ್ತದೆ, ಆಳ ಗೊತ್ತಾಗುವುದಿಲ್ಲ, ಅರವತ್ತರಲ್ಲಿ ಇಳಿಸಿಬಿಡುತ್ತಾರೆ. ಟೈರಿನ ಗೋಡೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ದಾರಗಳು ತುಂಡಾಗುತ್ತವೆ. ಹೊರಗೆ ರಬ್ಬರು ಹರಿದಿರುವುದಿಲ್ಲ, ಗಾಳಿಯೂ ಹೋಗುವುದಿಲ್ಲ. ಆಮೇಲೆ ನೋಡಿದರೆ ಪಕ್ಕದಲ್ಲಿ ಗುಳ್ಳೆ ಎದ್ದಿರುತ್ತದೆ. ಕೈ ಇಟ್ಟು ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಅದಕ್ಕೆ ಪ್ಯಾಚ್ ಇಲ್ಲ. ಆ ಟೈರ್ ಬಿಸಾಡಬೇಕು. ಓಡಿಸಿದರೆ ಯಾವ ಕ್ಷಣದಲ್ಲಾದರೂ ಸಿಡಿಯಬಹುದು. "ಇನ್ನೂ ಹೊಸ ಟೈರ್ ಅಲ್ವಾ, ಸ್ವಲ್ಪ ದಿನ ಓಡಿಸುತ್ತೇನೆ" ಅಂದವರನ್ನು ನಾನು ಬಿಟ್ಟು ಕಳಿಸುವುದಿಲ್ಲ. ಜಗಳವಾದರೂ ಸರಿ, ಸ್ಟೆಪ್ನಿ ಹಾಕಿಸಿಯೇ ಕಳಿಸುತ್ತೇನೆ.

ದುಡ್ಡಿನ ಮಾತೂ ಕೇಳು. ಇಂಥ ಟೈರ್ ಒಂದೊಂದಕ್ಕೆ 20 ಸಾವಿರ ಸುಲಭವಾಗಿ ದಾಟುತ್ತದೆ. ಏಟಿನಿಂದಾದ ಗುಳ್ಳೆಗೆ ಟೈರ್ ಕಂಪನಿಯ ವಾರಂಟಿ ಸಿಗುವುದಿಲ್ಲ. ಸಾಮಾನ್ಯ ಇನ್ಶೂರೆನ್ಸಿನಲ್ಲಿ ಬರೀ ಟೈರ್ ಹಾಳಾದರೆ ಏನೂ ಬರುವುದಿಲ್ಲ. ಗಾಡಿಗೂ ಅದೇ ಸಮಯದಲ್ಲಿ ಏಟಾಗಿದ್ದರೆ ಮಾತ್ರ ಅರ್ಧ ಕೊಡುತ್ತಾರೆ. ಟೈರಿಗೆ ಬೇರೆ ಕವರ್ ಇರುತ್ತದೆ, ಅದನ್ನು ಸೇರಿಸಿಕೋ. ನನ್ನ ಪ್ರಕಾರ ನಾಲ್ಕು ಟೈರನ್ನು ಒಂದೇ ಸಲ, ಸಾಲ ಮಾಡದೆ ಬದಲಾಯಿಸಲು ಆಗುವವನು ಮಾತ್ರ ಇಂಥ ಗಾಡಿ ತಗೊಳ್ಳಬೇಕು. ನಿನಗೆ ಆಗುತ್ತದೆ, ಅದಕ್ಕೇ ಬೇಡ ಅನ್ನುತ್ತಿಲ್ಲ.

ಇನ್ನೊಂದು ವಿಷಯ ಷೋರೂಮಿನಲ್ಲಿ ಹೇಳುವುದಿಲ್ಲ. 19 ಇಂಚು ಹಾಕಿದ ಹಲವು ಕಾರುಗಳಲ್ಲಿ ಹಿಂದಿನ ಟೈರ್ ಮುಂದಿನದಕ್ಕಿಂತ ಅಗಲ ಇರುತ್ತದೆ. ಮುಂದೆ 225, ಹಿಂದೆ 255. ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆ ನಿಜ. ಆದರೆ ಮುಂದಿನದನ್ನು ತೆಗೆದು ಹಿಂದೆ ಹಾಕುವ ಹಾಗಿಲ್ಲ. ಹಿಂದಿನ ಚಕ್ರಕ್ಕೆ ಎಂಜಿನ್ ಎಳೆತ ಇರುವ ಗಾಡಿಯಲ್ಲಿ ಹಿಂದಿನ ಎರಡು ಬೇಗ ಸವೆಯುತ್ತವೆ, ಬದಲಾಯಿಸಿಕೊಂಡು ಸಮ ಮಾಡುವ ದಾರಿಯೇ ಇಲ್ಲ.

ಗಾಳಿ ಹೋದರೂ ಓಡುವ ರನ್‌ಫ್ಲಾಟ್ ಟೈರಿನ ಬಗ್ಗೆ ಅಕ್ಕನ ಭಯ ಇದೆ, ಸ್ಟೆಪ್ನಿ ಇಲ್ಲದ ಗಾಡಿ ಅಂತ. ಅಕ್ಕ, ಹೆದರಬೇಡ. ಅದರ ಗೋಡೆ ಗಟ್ಟಿ ಇರುತ್ತದೆ, ಗಾಳಿ ಪೂರ್ತಿ ಹೋದರೂ ಗಾಡಿಯ ಭಾರ ಹೊರುತ್ತದೆ. ಗಂಟೆಗೆ 80 ಕಿಲೋಮೀಟರ್ ಮೀರದೆ ಸುಮಾರು 80 ಕಿಲೋಮೀಟರ್ ಹೋಗಬಹುದು. ರಾತ್ರಿ ಶಿರಾಡಿ ಘಾಟಿಯಲ್ಲಿ, ಮಳೆಯಲ್ಲಿ, ತಿರುವಿನಲ್ಲಿ ಜಾಕ್ ಹಾಕಿ ಟೈರ್ ಬಿಚ್ಚುವುದಕ್ಕಿಂತ ಅದೇ ಟೈರಿನಲ್ಲಿ ಸಕಲೇಶಪುರಕ್ಕೋ ಉಪ್ಪಿನಂಗಡಿಗೋ ತಲುಪುವುದು ಸಾವಿರ ಪಾಲು ಮೇಲು. ಕುಳಿತವರಿಗೆ ಸ್ವಲ್ಪ ಗಡುಸು ಅನ್ನಿಸುತ್ತದೆ, ಅದಂತೂ ಇದ್ದೇ ಇದೆ. ಅದಕ್ಕೇ 17 ಇಂಚಿನ ರನ್‌ಫ್ಲಾಟ್ ಸರಿ ಅನ್ನುತ್ತೇನೆ. ಗೋಡೆ ಗಟ್ಟಿಯೂ ಇದ್ದು ಗಿಡ್ಡವೂ ಆದರೆ ಹಂಪ್ ದಾಟುವಾಗಲೆಲ್ಲ ನಿನ್ನ ಅಮ್ಮನ ಸೊಂಟಕ್ಕೆ ಗೊತ್ತಾಗುತ್ತದೆ.

ಮುಂದೆ ಟೈರ್ ಬದಲಾಯಿಸುವಾಗ ಗೋಡೆಯ ಮೇಲಿನ ಗುರುತು ನೋಡಿ ಅದೇ ಕೇಳು. ಬಿಎಂಡಬ್ಲ್ಯುಗೆ ಅಂತ ಮಾಡಿದ್ದಕ್ಕೆ ನಕ್ಷತ್ರದ ಗುರುತು ಇರುತ್ತದೆ, ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ. ಸೈಜ್ ಒಂದೇ ಅಂತ ಬೇರೆ ಯಾವುದನ್ನೋ ಹಾಕಿಸಿಕೊಳ್ಳಬೇಡ. ಕೊನೆಯ ಅಕ್ಷರ ವೇಗದ ಮಿತಿ. ವಿ ಅಂದರೆ ಗಂಟೆಗೆ 240 ಕಿಲೋಮೀಟರ್, ಡಬ್ಲ್ಯು ಅಂದರೆ 270. ನಮಗೆ ಆ ವೇಗ ಬೇಡ, ಆದರೆ ಗಾಡಿಗೆ ಹೇಳಿದ್ದಕ್ಕಿಂತ ಕಡಿಮೆ ಹಾಕಿಸಬಾರದು. ಕಾನೂನಿನ ಪ್ರಕಾರ ಟೈರಿನ ಮೈಮೇಲಿನ ಗೀರಿನ (ಟ್ರೆಡ್) ಆಳ 1.6 ಮಿಲಿಮೀಟರಿಗೆ ಇಳಿಯುವವರೆಗೂ ಓಡಿಸಬಹುದು. ಮಲೆನಾಡಿನ ಮಳೆಗೆ ಅದು ಸಾಲದು, 3 ಮಿಲಿಮೀಟರಿಗೆ ಬಂದಾಗಲೇ ನನ್ನ ಹತ್ತಿರ ಬಾ.

ಗಾಳಿ ಮಾತ್ರ ಕಣ್ಣಳತೆಯಲ್ಲಿ ನೋಡಬೇಡ. ಗಿಡ್ಡ ಗೋಡೆಯ ಟೈರಿನಲ್ಲಿ ಗಾಳಿ ಕಡಿಮೆಯಾದರೂ ಹೊರಗೆ ಗೊತ್ತಾಗುವುದಿಲ್ಲ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕರ್ ಇರುತ್ತದೆ, ಇಬ್ಬರು ಕೂತಾಗ ಎಷ್ಟು, ತುಂಬಿ ಹೊರಟಾಗ ಎಷ್ಟು ಅಂತ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಹಾಕಿಸು. ನೈಟ್ರೋಜನ್ ಹಾಕಿಸಲೇಬೇಕು ಅಂತೇನಿಲ್ಲ, ಮಾಮೂಲಿ ಗಾಳಿಯಲ್ಲೇ 78% ನೈಟ್ರೋಜನ್ ಇದೆ.

ಎಲೆಕ್ಟ್ರಿಕ್ ತಗೋ ಅಂತ ಚಿಕ್ಕಮ್ಮನ ಮಗಳು ಬರೆದಿದ್ದಾಳೆ. ಜಿಎಸ್‌ಟಿ ಅದಕ್ಕೆ 5% ಮಾತ್ರ, ಅದು ನಿಜ. ಆದರೆ 2024ರಿಂದ ನಮ್ಮಲ್ಲಿ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೂ 10% ರೋಡ್ ಟ್ಯಾಕ್ಸ್ ಇದೆ. ಬ್ಯಾಟರಿ ಭಾರ ಜಾಸ್ತಿ, ಎಳೆತವೂ ಜಾಸ್ತಿ, ಟೈರ್ ಬೇಗ ಸವೆಯುತ್ತದೆ. ಒಂದು ಸಲ ಓಡಿಸಿ ನೋಡು, ಬೇಡ ಅನ್ನುವುದಿಲ್ಲ. ಹಾಗೇ ಹೊಸಕೋಟೆಯಲ್ಲಿ ಜೋಡಿಸುವ ವೋಲ್ವೋ, ಬಿಡದಿಯಲ್ಲಿ ಜೋಡಿಸುತ್ತಾ ಬಂದಿರುವ ಲೆಕ್ಸಸ್ ಇಎಸ್, ಇವನ್ನೂ ನೋಡಿಕೊಂಡು ಬಾ. ಜರ್ಮನ್ ಬ್ಯಾಡ್ಜೇ ಆಗಬೇಕು ಅಂತ ಇಲ್ಲವಲ್ಲ.

ಷೋರೂಮಿಗೆ ಹೋದಾಗ ಬ್ರೋಷರ್ ನೋಡಿ ಬುಕ್ ಮಾಡಬೇಡ. ನಿನಗೆ ಕೊಡುವ ವೇರಿಯಂಟಿಗೆ ಯಾವ ಸೈಜಿನ ಟೈರ್, ಮುಂದೆ ಹಿಂದೆ ಒಂದೇನಾ, ರನ್‌ಫ್ಲಾಟಾ, ಸ್ಟೆಪ್ನಿ ಇದೆಯಾ, ಬರೆದು ಕೊಡಲು ಹೇಳು. 19 ಇಂಚು ಬರುವ ವೇರಿಯಂಟೇ ಬೇಕು ಅನ್ನಿಸಿದರೆ 17ಕ್ಕೆ ಬದಲಾಯಿಸಿ ಕೊಡುತ್ತಾರಾ ಕೇಳು. ಡೆಲಿವರಿ ದಿನ ಸಹಿ ಹಾಕುವ ಮುಂಚೆ ಬಗ್ಗಿ ನಾಲ್ಕೂ ಟೈರಿನ ತಾರೀಕು ನೋಡು. ನಾಲ್ಕು ಅಂಕಿ ಇರುತ್ತದೆ, 1825 ಅಂತ ಇದ್ದರೆ 2025ರ 18ನೇ ವಾರ ತಯಾರಾಗಿದ್ದು. ನಾಲ್ಕರ ಫೋಟೋನೂ ನನಗೆ ಕಳಿಸು. ಅಂಗಡಿ ಮುಚ್ಚುವುದು ರಾತ್ರಿ 8ಕ್ಕೆ, ಆಮೇಲೆ ಫೋನ್ ಮಾಡಿದರೂ ಎತ್ತುತ್ತೇನೆ.