ಬೆಜೋರ್ ಕಲ್ಲಿಗೆ ‘ಗೋರೋಚನ’ ಅನ್ನಬಹುದೇ?

ಗೆಳೆಯರೇ,

ನಾನು ಬರೆಯುತ್ತಿರುವ ಮಾಯದ ಕತೆಯೊಂದರಲ್ಲಿ ಮದ್ದು ಕಾಯಿಸುವ ಮುದುಕಿಯೊಬ್ಬಳಿದ್ದಾಳೆ. ಅವಳ ಪೆಟ್ಟಿಗೆಯಲ್ಲಿ ಒಂದು ಅಪರೂಪದ ಕಲ್ಲು ಇದೆ. ಬೆಟ್ಟದ ನೆತ್ತಿಯಲ್ಲಿ ಮೇಯುವ ಒಂಟಿಕೊಂಬಿನ ಆಡಿನ ಹೊಟ್ಟೆಯಲ್ಲಿ ಸಿಕ್ಕಿದ್ದು. ವಿಷ ಕುಡಿದವರಿಗೆ ಅದನ್ನು ತೇಯ್ದು ಕುಡಿಸಿದರೆ ಬದುಕಿಕೊಳ್ಳುತ್ತಾರೆ. ಇಂಗ್ಲಿಷ್ ಕತೆಗಳಲ್ಲಿ, ಕಂಪ್ಯೂಟರ್ ಆಟಗಳಲ್ಲಿ ಇಂಥದ್ದನ್ನು ‘ಬೆಜೋರ್’ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಥಟ್ಟನೆ ನೆನಪಾಗುವುದು ಗೋರೋಚನ. ಆದರೆ ಅದು ದನದ ಪಿತ್ತಕೋಶದಲ್ಲಿ ಕಟ್ಟುವ ಕಲ್ಲು. ಬೆಜೋರ್ ಕಟ್ಟುವುದು ಮೇಕೆಯಂಥ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ. ನುಂಗಿದ ಕೂದಲೋ, ನಾರೋ, ಸಣ್ಣ ಹರಳೋ ಒಳಗೆ ಉಳಿದುಬಿಡುತ್ತದೆ. ಅದರ ಸುತ್ತ ಪದರದ ಮೇಲೆ ಪದರ ಕೂತು ಈರುಳ್ಳಿಯ ಹಾಗೆ ಬೆಳೆಯುತ್ತದೆ. ಹೊರಮೈ ನುಣುಪು, ಬಣ್ಣ ಹೆಚ್ಚಾಗಿ ಕಂದು ಇಲ್ಲವೇ ಹಸಿರುಗಂದು. ಇಂದಿನ ವೈದ್ಯರೂ ಬೆಜೋರ್ ಅನ್ನುವ ಮಾತನ್ನು ಬಿಟ್ಟಿಲ್ಲ. ಕೂದಲು ತಿನ್ನುವ ಅಭ್ಯಾಸ ಇರುವವರ ಹೊಟ್ಟೆಯಲ್ಲಿ ಕಟ್ಟುವ ಉಂಡೆಗೂ ಅದೇ ಹೆಸರು.

‘ಗೋ’ ಅಂತ ಇರುವುದರಿಂದ ಆಡಿನ ಕಲ್ಲಿಗೆ ಒಗ್ಗದು ಅನ್ನುವ ವಾದ ನನಗೆ ಅಷ್ಟು ಒಪ್ಪಿಗೆಯಿಲ್ಲ. ಎಳ್ಳಿನ ನೆಯ್ಯೇ ಎಣ್ಣೆ ಆಯಿತು, ಆಮೇಲೆ ಸೀಮೆಎಣ್ಣೆಯೂ ಎಣ್ಣೆಯೇ ಆಯಿತು ಅಲ್ವಾ? ನನ್ನ ತಕರಾರು ಬೇರೆ. ಗೋರೋಚನ ಅಂದ ತಕ್ಷಣ ಓದುವವರ ಮನಸ್ಸಿಗೆ ಹಳದಿ ಬಣ್ಣ ಬರುತ್ತದೆ, ತಿಲಕ ಬರುತ್ತದೆ, ಯಂತ್ರ ಬರೆಯುವ ಶಾಯಿ ಬರುತ್ತದೆ, ಪಕ್ಕದಲ್ಲೇ ಕಸ್ತೂರಿಯೂ ಬಂದು ಕೂರುತ್ತದೆ. ವಿಷದ ನೆನಪು ಮಾತ್ರ ಬರುವುದಿಲ್ಲ. ನನ್ನ ಕತೆಗೆ ಬೇಕಾದದ್ದು ಅದೇ.

ಮೂಲದ ಹೆಸರಿನ ಜೀವಾಳವೂ ವಿಷವೇ. ಪಾರ್ಸಿಯ ‘ಪಾದ್‌ಜಹರ್’ ಅಂದರೆ ವಿಷದಿಂದ ಕಾಯುವುದು. ಅರಬ್ಬಿಯಲ್ಲಿ ‘ಪ’ ಇಲ್ಲ, ಹಾಗಾಗಿ ಅಲ್ಲಿ ಅದು ‘ಬ’ ಆಯಿತು, ಅಲ್ಲಿಂದ ಯುರೋಪಿಗೆ ದಾಟಿತು. ಯುನಾನಿ ವೈದ್ಯರು ‘ಜಹರ್ ಮೊಹರಾ’ ಅನ್ನುವ ಮದ್ದಿನ ಕಲ್ಲಿನ ಹೆಸರಿನಲ್ಲಿ ಇರುವುದೂ ಅದೇ ಜಹರ್, ಅಂದರೆ ವಿಷ. ಆದರೆ ಈ ಹೆಸರು ಒಂದು ಹಸಿರು ಖನಿಜಕ್ಕೂ ಸಲ್ಲುತ್ತದೆ. ಆಡಿನ ಹೊಟ್ಟೆಯ ಕಲ್ಲಿಗೆ ಅದನ್ನು ತಂದರೆ ಗೊಂದಲ ಜಾಸ್ತಿ.

ಈ ಕಲ್ಲು ನಮಗೆ ತೀರಾ ಹೊರಗಿನದೂ ಅಲ್ಲ. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಗೋವಾದಲ್ಲಿ 1563ರಲ್ಲಿ ಅಚ್ಚು ಹಾಕಿಸಿದ ಔಷಧಿಗಳ ಪುಸ್ತಕದಲ್ಲಿ ಇದರ ಬಗ್ಗೆ ಬರೆದಿದ್ದಾನೆ. 17ನೇ ಶತಮಾನದಲ್ಲಿ ಗೋವಾದ ಜೆಸ್ಯೂಟ್ ಪಾದ್ರಿಗಳು ಇದರ ನಕಲನ್ನೇ ತಯಾರಿಸಿದರು. ಬೆಜೋರ್ ಪುಡಿ, ಚಿಪ್ಪು, ಕಸ್ತೂರಿ, ಹರಳಿನ ಪುಡಿ ಇಂಥದ್ದನ್ನೆಲ್ಲ ಕಲಸಿ ಉಂಡೆ ಕಟ್ಟಿ, ಮೇಲೆ ಚಿನ್ನದ ರೇಕು ಹಚ್ಚುತ್ತಿದ್ದರು. ಹೆಸರೇ ‘ಗೋವಾ ಕಲ್ಲು’. ಸಿರಿವಂತರು ಅದನ್ನು ಚಿನ್ನದ ಜಾಲರಿ ಡಬ್ಬಿಯಲ್ಲಿಟ್ಟು, ಬೇಕಾದಾಗ ಕೆರೆದು ಪಾನೀಯಕ್ಕೆ ಉದುರಿಸಿಕೊಂಡು ಕುಡಿಯುತ್ತಿದ್ದರು. ಅಂಥ ಡಬ್ಬಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಕತೆಯ ಮುದುಕಿಗೂ ಒಂದು ಕೊಡಬೇಕು ಅಂತ ಆಸೆ!

ಬೆಜೋರ್ ನಿಜವಾಗಿ ವಿಷ ಇಳಿಸುತ್ತಿತ್ತೇ? ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ ನಂಬಲಿಲ್ಲ, ಪರೀಕ್ಷೆ ಮಾಡಿಯೇ ನೋಡಿದ. ಗಲ್ಲಿಗೆ ಹೋಗಬೇಕಿದ್ದ ಒಬ್ಬ ಅಡುಗೆಯವನು ಅದರ ಬದಲು ವಿಷ ಕುಡಿದು, ಮೇಲೆ ಬೆಜೋರ್ ತಿನ್ನಲು ಒಪ್ಪಿದ. ನರಳಿ ನರಳಿ ಸತ್ತ. ಕತೆಯಲ್ಲಿ ಮಾತ್ರ ಕಲ್ಲು ಕೆಲಸ ಮಾಡಲಿ ಬಿಡಿ.

ಈಗ ಪದಕ್ಕೆ ಬರೋಣ. ಮೊದಲು ನಾನು ಬರೆದುಕೊಂಡದ್ದು ‘ನಂಜುಗಲ್ಲು’. ನಂಜು ಅಚ್ಚಗನ್ನಡ, ಬಾಯಿಗೂ ಸಲೀಸು. ತೊಡಕು ಏನೆಂದರೆ, ನಂಜು ತೆಗೆಯುವ ಕಲ್ಲೋ ನಂಜೇ ತುಂಬಿದ ಕಲ್ಲೋ ಗೊತ್ತಾಗುವುದಿಲ್ಲ. ‘ಜ್ವರದ ಮಾತ್ರೆ’ ಅಂದರೆ ಜ್ವರ ಬಿಡಿಸುವ ಮಾತ್ರೆ ಅಂತ ಎಲ್ಲರೂ ತಿಳಿಯುತ್ತಾರೆ, ಯಾಕೆಂದರೆ ಮಾತ್ರೆ ಇರುವುದೇ ಅದಕ್ಕೆ. ಕಲ್ಲಿಗೆ ಆ ಅನುಕೂಲ ಇಲ್ಲ. ಸಾಲದ್ದಕ್ಕೆ ಕನ್ನಡದಲ್ಲಿ ಕಲ್ಲು ಮತ್ತು ವಿಷದ ನಂಟು ತಿರುಗುಮುರುಗು ಆಗಿದೆ. ಸಂಸ್ಕೃತದಲ್ಲಿ ಪಾಷಾಣ ಅಂದರೆ ಕಲ್ಲು. ನಮ್ಮ ಮಾತಿನಲ್ಲಿ ಪಾಷಾಣ ಅಂದರೆ ವಿಷ, ಇಲಿಗೆ ಹಾಕುವಂಥದ್ದು. ಹಾಗಾಗಿ ‘ವಿಷಪಾಷಾಣ’, ‘ವಿಷಶಿಲೆ’ ಇವನ್ನು ಕೂಡಲೇ ಹೊಡೆದುಹಾಕಿದೆ. ‘ವಿಷಹಾರಿ’ ಸರಿಯೇ, ಆದರೆ ಅದು ಗುಣದ ಹೆಸರು. ಬೇರು, ಎಲೆ, ಪುಡಿ ಯಾವುದಕ್ಕೂ ಅಂಟಿಸಬಹುದು. ಮುದುಕಿಯ ಬಾಯಲ್ಲಿ ಅದು ಸುಮ್ನೆ ಪಂಡಿತರ ಮಾತಾಗಿಬಿಡುತ್ತದೆ.

ಸದ್ಯ ನನ್ನ ಮನಸ್ಸು ‘ನಂಜುಮಣಿ’ ಕಡೆ ವಾಲಿದೆ. ಪ್ರಾಣಿಯ ಮೈಯಲ್ಲಿ ಹುಟ್ಟುವ ಮಾಯದ ವಸ್ತುವಿಗೆ ಮಣಿ ಅನ್ನುವುದು ನಾಗಮಣಿಯಿಂದ ನಮಗೆ ರೂಢಿ. ‘ಮಣಿ, ಮಂತ್ರ, ಔಷಧ’ ಅಂತ ಮೂರನ್ನೂ ಪರಿಹಾರವಾಗಿಯೇ ಎಣಿಸುತ್ತಾರೆ, ಹಾಗಾಗಿ ಮಣಿ ಅಂದರೆ ಒಳ್ಳೆಯದು ಮಾಡುವುದು ಅನ್ನುವ ಎಣಿಕೆ ಮೊದಲೇ ಇರುತ್ತದೆ. ಒಂದೇ ಅಳುಕು: ಮಣಿ ಅಂದರೆ ಹೊಳೆಯಬೇಕು, ಇದು ಮಂಕು ಕಂದು. ಇನ್ನು ಅದರಿಂದ ಮಾಡುವ ಪಾನಕ್ಕೆ ‘ಮದ್ದು’ ಅಂತಲೇ ಉಳಿಸಿಕೊಂಡಿದ್ದೇನೆ. ಕಾಯಿಲೆಗೆ ಕೊಡುವುದೂ ಮದ್ದು, ಯಾರನ್ನೋ ವಶ ಮಾಡಿಕೊಳ್ಳಲು ಊಟದಲ್ಲಿ ಹಾಕುವುದೂ ಮದ್ದು. ಮುದುಕಿ ಎರಡೂ ಬಗೆಯದನ್ನು ಮಾಡುವವಳು.

ವಾಕ್ಯ ಹೀಗಿದೆ: “ನಂಜುಮಣಿಯನ್ನು ಹಾಲಿನಲ್ಲಿ ಮೂರು ಸುತ್ತು ತೇಯ್ದಳು.” ಓದಿದ ಕೂಡಲೇ ಇದು ವಿಷ ಇಳಿಸುವ ವಸ್ತು ಅನ್ನಿಸುತ್ತದೆಯೇ, ಇಲ್ಲ ವಿಷ ಹಾಕುತ್ತಿದ್ದಾಳೆ ಅನ್ನಿಸುತ್ತದೆಯೇ? ಆಡು ಕುರಿಯ ಹೊಟ್ಟೆಯ ಕೂದಲುಂಡೆಗೆ ಕುರಿಗಾಹಿಗಳು ಬಳಸುವ ಹೆಸರು ಯಾರಿಗಾದರೂ ಗೊತ್ತಿದ್ದರೆ ಅದನ್ನೂ ತಿಳಿಸಿ. ಅದು ಚೆನ್ನಾಗಿದ್ದರೆ ನಂಜುಮಣಿಯನ್ನು ಬಿಟ್ಟುಕೊಡಲು ನಾನು ತಯಾರು.