ಜಪಾನಿ ಬ್ಯಾಲಡ್‌ನ ಅಳುಕು ಕನ್ನಡಕ್ಕೆ ಯಾಕೆ ಇಳೀತಿಲ್ಲ?

ಕೋತ್ರೂಡ್_ಕೇಳುಗ:
ರಾಜ್ಯೋತ್ಸವಕ್ಕೆ ಪುಣೆಯ ನಮ್ಮ ಗುಂಪು ಜಪಾನಿ ಪಾಪ್ ಬ್ಯಾಲಡ್ (ನಿಧಾನಗತಿಯ ಭಾವಗೀತೆ) ಅಚ್ಚಿನಲ್ಲಿ ಸ್ವಂತ ಹಾಡೊಂದನ್ನ ಕಟ್ತಿದೆ. ವಸ್ತು ‘ಕತಾಒಮೊಯಿ’, ಅಂದ್ರೆ ಒಂದೇ ಕಡೆಯ, ಬಾಯಿಗೆ ಬಾರದ ಪ್ರೀತಿ. ಸಿ ಮೇಜರ್, ನಿಮಿಷಕ್ಕೆ 76 ಬೀಟ್. ಪಲ್ಲವಿ: "ನಿನ್ನನ್ನು ಪ್ರೀತಿಸುತ್ತೇನೆ, ಆದರೆ ಹೇಳಲು ಭಯ". ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗುಚ್ಛ) ಸಿ, ಜಿ, ಎ ಮೈನರ್, ಎಫ್. ಹಿಂದೆ ಎಲೆಕ್ಟ್ರಾನಿಕ್ ತಂಬೂರಿ. ಹಾಡಿದ್ರೆ ಹೀರೋ ಬೆಟ್ಟದ ತುದಿಯಿಂದ ಕೂಗಿದ ಹಾಗಿದೆ. ಎಲ್ಲಿ ತಪ್ಪಿದೆ?

ಮಾತ್ರೆ_ಲೆಕ್ಕ:
ಮೊದಲು "ಪ್ರೀತಿಸುತ್ತೇನೆ" ಅನ್ನೋ ಆ ಕ್ರಿಯಾಪದ ಕಿತ್ತುಹಾಕಿ. ಜಪಾನಿಯಲ್ಲಿ ‘ಐಶಿತೆರು’ (ಪ್ರೀತಿಸ್ತೀನಿ) ಭಾರದ ಮಾತು. ಅಳುಕಿನ ಹಾಡಿಗೆ ಹೊಂದೋದು ‘ಸುಕಿ’ (ಇಷ್ಟ). ಅದು ಕ್ರಿಯಾಪದವೇ ಅಲ್ಲ, ವಿಶೇಷಣದ ಜಾತಿ. ‘ಕಿಮಿ ಗ ಸುಕಿ’ (ನೀನು ಇಷ್ಟ) ಅಂದಾಗ "ನಾನು" ಬಾಯಿಗೇ ಬರಲ್ಲ. ನಮ್ಮ "ಇಷ್ಟ"ವೂ ಹಾಗೇ, ಯಾರೂ ಏನೂ ಮಾಡ್ತಿಲ್ಲ. ‘ಸುಕಿ ನಿ ನತ್ತೆ ಶಿಮತ್ತಾ’ ಅಂದ್ರೆ "ಇಷ್ಟ ಆಗಿಬಿಟ್ಟಿದೆ". ಆ ‘ಶಿಮೌ’ ಮಾಡೋ ಕೆಲಸವನ್ನೇ ಇಲ್ಲಿ ‘ಬಿಡು’ ಮಾಡುತ್ತೆ: ಕೈಮೀರಿ ನಡೆದುಹೋಯ್ತು. ಕನ್ನಡಕ್ಕೆ ಪುಕ್ಕಟೆ ಸಿಕ್ಕ ಸೌಲಭ್ಯ, ಬಳಸಿಕೊಳ್ಳಿ.

"ಆದರೆ" ಕೂಡ ಬೇಡ. ‘ನೊನಿ’ (ಆಗಿದ್ದರೂ) ಬರೋ ಕಡೆ ನಮ್ಮ ‘-ಊ’ ಸಾಕು: "ಪಕ್ಕದಲ್ಲೇ ಇದ್ದೂ". ಅನುಮಾನದ ‘ಕನಾ’ಗೆ "ಏನೋ". ಎರಡೂ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರೋದ್ರಿಂದ "ಇಷ್ಟ ಅಂತ ಹೇಳ..." ತನಕ ಹೇಳ್ತಾನೋ ಇಲ್ಲವೋ ಗೊತ್ತಾಗಲ್ಲ. "ಲಾರೆ" ಸಾಲಿನ ತುದಿಗೇ ಬೀಳಲಿ, ಪ್ರಾಸದ ಆಸೆಗೆ ಮುಂದೆ ಎಳೀಬೇಡಿ.

ಮಾತ್ರೆಯ ಲೆಕ್ಕವೂ ಕೂಡುತ್ತೆ. ‘ಕಿತ್ತೊ’ (ಖಂಡಿತ) ಜಪಾನಿಯಲ್ಲಿ 3 ಮೋರಾ (ಉಚ್ಚಾರದ ಕಾಲಮಾನ). ನಮ್ಮಲ್ಲೂ ಗುರು, ಲಘು ಸೇರಿ 3 ಮಾತ್ರೆ. ವ್ಯತ್ಯಾಸ ಹಾಡೋದ್ರಲ್ಲಿ: ಅಲ್ಲಿ ‘ನ್’ ಕೂಡ ತನ್ನದೇ ಸ್ವರ ಪಡೀಬಹುದು, ನಾವು ಹಿಂದಿನ ಅಕ್ಷರಕ್ಕೆ ಅಂಟಿಸ್ತೀವಿ. "ಪ್ರೀತಿಸುತ್ತೇನೆ"ಗೆ 8 ಮಾತ್ರೆ, "ಇಷ್ಟ"ಕ್ಕೆ 3. ಉಳಿದ ಜಾಗದಲ್ಲಿ ಮೌನ ಇಡಿ, ತುಂಬಿಸಬೇಡಿ.

ಕಪ್ಪು_ಬಿಳಿ_ಮನೆ:
ಸಾಹಿತ್ಯ ಸರಿಮಾಡಿದರೂ ಆ ಕಾರ್ಡ್‌ಗಳು ಕೆಡಿಸ್ತವೆ. ಪಲ್ಲವಿ ಶುರುವಾದ ಕ್ಷಣವೇ ಸಿ, ಅಂದ್ರೆ ಹಾಡು ಬಂದು ನಿಲ್ಲೋ ಮನೆ ತಲುಪಿಯಾಯ್ತು. ಜಪಾನಿ ಪಾಪ್‌ನಲ್ಲಿ ‘ಓದೋ ಶಿಂಕೋ’, ರಾಜಮಾರ್ಗ, ಅಂತ ಕರೆಯೋ ಸರಣಿ ಇದೆ: ಎಫ್, ಜಿ, ಇ ಮೈನರ್, ಎ ಮೈನರ್. ಷಡ್ಜದ (‘ಸ’) ಕಾರ್ಡ್, ಅಂದ್ರೆ ಸಿ, ಇದರಲ್ಲಿ ಇಲ್ಲವೇ ಇಲ್ಲ. ಜಿ ಆದಮೇಲೆ ಕಿವಿ ಸಿ ಕಾಯುತ್ತೆ, ಸಿಗೋದು ಇ ಮೈನರ್. ಬಾಗಿಲ ತನಕ ಹೋಗಿ ಬೆಲ್ ಒತ್ತದೆ ವಾಪಸ್ ಬಂದ ಹಾಗೆ.

ಎರಡು ಎಚ್ಚರ. ಇ ಮೈನರ್ ಮೇಲೆ ಹಾಡುಗಾರ ‘ಸ’ ಹಿಡಿದು ನಿಂತರೆ ಕಾರ್ಡ್‌ನೊಳಗಿನ ‘ನಿ’ ಜೊತೆ ಅರ್ಧ ಸ್ವರದ ತಿಕ್ಕಾಟ ಆಗುತ್ತೆ. ‘ಗ’ ಅಥವಾ ‘ಪ’ ಮೇಲೆ ನಿಲ್ಲಿಸಿ. ಇನ್ನು ತಂಬೂರಿ ಆಫ್ ಮಾಡಿ! ಅದು ಉದ್ದಕ್ಕೂ ಸ-ಪ ಸಾರ್ತಾ ಇದ್ರೆ ನೀವು ತಪ್ಪಿಸಿದ ಮನೆಯನ್ನ ಅದೇ ತೋರಿಸಿಕೊಡುತ್ತೆ.

ಕೋತ್ರೂಡ್_ಕೇಳುಗ:
ತಂಬೂರಿ ಆಫ್ ಮಾಡಿ ನೋಡಿದ್ವಿ, ಅರ್ಧ ಕೂಗು ಇಳೀತು. ಮೇಲಿನ ‘ಸ’ದಲ್ಲಿ ಮಾತ್ರ ಇನ್ನೂ ಅಬ್ಬರ. ನಮ್ಮ ಸಾಹಿತ್ಯದಲ್ಲಿರೋ ಚೆರ್ರಿ ಹೂವಿನ ಸಾಲೂ ಯಾಕೋ ಕೃತಕ ಅನ್ಸುತ್ತೆ.

ಕಪ್ಪು_ಬಿಳಿ_ಮನೆ:
ಎದೆದನಿಯಲ್ಲಿ ತಳ್ತಿದ್ದಾರೆ. ಅಲ್ಲಿ ‘ಉರಾಗೊಎ’, ಅಂದ್ರೆ ಫಾಲ್ಸೆಟೊ (ಕಳ್ಳದನಿ) ಬೇಕು. ಮೈಕ್ ಹತ್ತಿರ, ದನಿ ಸಣ್ಣದು. ಬರದಿದ್ರೆ ಇಡೀ ಹಾಡನ್ನ ಕೀಬೋರ್ಡ್‌ನ 2 ಮನೆ (ಎರಡು ಅರ್ಧ ಸ್ವರ) ಕೆಳಗಿಳಿಸಿ. ಕೊನೇ ಪಲ್ಲವಿಗೆ ಮುಂಚೆ ಒಂದು ‘ಒಚಿಸಾಬಿ’ ಹಾಕಿ: ಅದೇ ಪಲ್ಲವಿ, ಡ್ರಮ್, ಬೇಸ್ ಇಲ್ಲದೆ ಪಿಯಾನೋ ಒಂದೇ, 8 ಬಾರ್. ತಬಲಾದವರು ಅಲ್ಲಿ ಕೈ ಕಟ್ಟಿ ಕೂರಬೇಕು, ಅದೇ ಕಷ್ಟ.

ಛತ್ರಿ_ಸಾಕು:
ಹೂವಿನ ಕಾರಣ ಕ್ಯಾಲೆಂಡರ್. ಜಪಾನಿನಲ್ಲಿ ಶಾಲಾವರ್ಷ ಮುಗಿಯೋದು ಮಾರ್ಚ್‌ನಲ್ಲಿ, ಶುರು ಏಪ್ರಿಲ್‌ನಲ್ಲಿ. ಚೆರ್ರಿ ಅರಳೋದೂ ಆಗಲೇ. ಹೂವು ಅಂದ್ರೆ ಬೀಳ್ಕೊಡುಗೆ, ಹೇಳೋಕೆ ಕೊನೇ ಅವಕಾಶ. ಪುಣೆಯಲ್ಲಿ ಆ ಗಡುವು ಕೇಳುಗರಿಗೆ ತಟ್ಟಲ್ಲ. ಬೀಳ್ಕೊಡುಗೆ ದಿನ ಇಷ್ಟದ ಹುಡುಗನ ಸಮವಸ್ತ್ರದ ಎರಡನೇ ಗುಂಡಿ ಕೇಳೋ ಅಲ್ಲಿನ ಪದ್ಧತಿಯನ್ನಂತೂ ತರಬೇಡಿ, ಅಡಿಟಿಪ್ಪಣಿ ಬೇಕಾಗುತ್ತೆ. ‘ಐಐಗಾಸಾ’, ಇಬ್ಬರಿಗೆ ಒಂದೇ ಛತ್ರಿ, ಇಲ್ಲಿನ ಜುಲೈ ಮಳೆಗೆ ಹಾಗೇ ಒಪ್ಪುತ್ತೆ. "ಅವನು", "ಅವಳು" ಬಿಟ್ಟು "ನೀನು" ಅಂತಲೇ ಬರೀರಿ: "ನೀನು ಬಂದೆ"ಯಲ್ಲಿ ಲಿಂಗ ಕಾಣಲ್ಲ, ಯಾರು ಬೇಕಾದರೂ ಹಾಡಬಹುದು.

ಮಾತ್ರೆ_ಲೆಕ್ಕ:
ಹಾಗಾದ್ರೆ ಪಲ್ಲವಿ ಹೀಗೆ ನೋಡಿ: "ಒಂದೇ ಛತ್ರಿ, ಪಕ್ಕದಲ್ಲೇ ಇದ್ದೂ / ಇಷ್ಟ ಅಂತ ಹೇಳ... ಲಾರೆ". "ಹೇಳ" ಆದಮೇಲೆ ಒಂದು ಪೂರ್ತಿ ಬೀಟ್ ಖಾಲಿ. "ಲಾರೆ" ಎ ಮೈನರ್ ಮೇಲೆ ಬೀಳಲಿ.